ಒಗೆದ ಹಳದಿಯ ಲೆಕ್ಕ

ಧಾರವಾಡದ ಸಪ್ತಾಪುರದ ಸುತ್ತಮುತ್ತ ಬಾಡಿಗೆ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗರು ಆಯಾಸವೆಂದೋ ತೂಕ ಏರುತ್ತಿಲ್ಲವೆಂದೋ ಆಹಾರ ಸಲಹೆಗೆ ಬಂದಾಗ, ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಮೊದಲು ಕೇಳುತ್ತೇನೆ. ಚಹಾ ಮತ್ತು ಬಿಸ್ಕತ್ತು ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ರಾತ್ರಿ ಎರಡರವರೆಗೆ ಓದಿದವರಿಗೆ ಬೆಳಗ್ಗೆ ಒಲೆ ಹಚ್ಚುವ ಉಮೇದು ಎಲ್ಲಿಂದ ಬರಬೇಕು? ನನ್ನ ತಾಳ್ಮೆ ಕೆಡುವುದು ಇನ್ನೊಂದು ಉತ್ತರಕ್ಕೆ: “ದಿನಾ ಮೂರು ತತ್ತಿ ತಿಂತೇನ್ರಿ, ಹಳದಿ ಅಷ್ಟು ತಗದು ಒಗೀತೇನ್ರಿ.”

ಯಾಕೆ ಒಗೆಯುತ್ತೀರಿ ಎಂದರೆ, ಪ್ರೋಟೀನ್ ಇರುವುದೆಲ್ಲ ಬಿಳಿಯಲ್ಲಿ, ಹಳದಿಯೆಂದರೆ ಬರೀ ಕೊಬ್ಬು ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಗ ನಾನು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸುತ್ತೇನೆ. ಸುಮಾರು 50 ಗ್ರಾಂ ತಿರುಳಿರುವ ಒಂದು ಮೊಟ್ಟೆಯ ಬಿಳಿಯಲ್ಲಿ ಸುಮಾರು 3.6 ಗ್ರಾಂ, ಹಳದಿಯಲ್ಲಿ 2.7 ಗ್ರಾಂ ಪ್ರೋಟೀನ್ ಇರುತ್ತದೆ. ಬಿಳಿಯ ಪಾಲು ಹೆಚ್ಚಾಗಿ ಕಾಣುವುದು ಅದರ ಗಾತ್ರ ದೊಡ್ಡದಾದ್ದರಿಂದ. 100 ಗ್ರಾಂ ಬಿಳಿಗೂ 100 ಗ್ರಾಂ ಹಳದಿಗೂ ಹೋಲಿಸಿದರೆ ಮೊದಲನೆಯದರಲ್ಲಿ 11, ಎರಡನೆಯದರಲ್ಲಿ 16 ಗ್ರಾಂ ಆಸುಪಾಸು. ಎಂದರೆ, ಮೂರು ಮೊಟ್ಟೆ ಕೊಂಡು ಮೂರೂ ಹಳದಿಯನ್ನು ಒಗೆದವನಿಗೆ ದಕ್ಕುವುದು 11 ಗ್ರಾಂಗಿಂತ ತುಸು ಕಡಿಮೆ. ಎರಡೇ ಮೊಟ್ಟೆ ಕೊಂಡು ಇಡಿಯಾಗಿ ತಿಂದವನಿಗೆ ದಕ್ಕುವುದು 12 ಗ್ರಾಂಗಿಂತ ತುಸು ಹೆಚ್ಚು. ಮನೆಯಿಂದ ಬರುವ ದುಡ್ಡನ್ನು ಎಣಿಸಿ ಖರ್ಚು ಮಾಡುವ ಹುಡುಗರು ಒಂದು ಮೊಟ್ಟೆಯ ಬೆಲೆ ಹೆಚ್ಚಿಗೆ ಕೊಟ್ಟು ಕಡಿಮೆ ಪ್ರೋಟೀನ್ ತಿನ್ನುತ್ತಿದ್ದಾರೆ. ಇನ್ನು ಎ ಮತ್ತು ಡಿ ಜೀವಸತ್ವಗಳು, ಬಿ12ರ ಬಹುಪಾಲು, ಮಿದುಳಿಗೂ ನರಗಳಿಗೂ ಬೇಕಾದ ಕೋಲೀನ್, ಇವೆಲ್ಲ ಆ ಹಳದಿಯ ಜೊತೆಗೇ ಕಸದ ಬುಟ್ಟಿ ಸೇರುತ್ತವೆ. ಊರಿನ ಸರ್ಕಾರಿ ಶಾಲೆಯಲ್ಲಿ ಓದುವ ಇವರ ತಮ್ಮ ತಂಗಿಯರು ಬಿಸಿಯೂಟದ ಜೊತೆ ಇಡೀ ಮೊಟ್ಟೆಯನ್ನೇ ತಿನ್ನುತ್ತಿದ್ದಾರೆ.

ಕೊಲೆಸ್ಟ್ರಾಲ್ ಭಯ ಎಲ್ಲಿಂದ ಬಂತೆಂಬುದು ಗೊತ್ತಿರುವಂಥದೇ. 1968ರಲ್ಲಿ ಅಮೆರಿಕದ ಹೃದ್ರೋಗ ಸಂಘವು ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟ್ರಾಲ್ ಬೇಡ, ವಾರಕ್ಕೆ ಮೂರಕ್ಕಿಂತ ಹೆಚ್ಚು ಹಳದಿ ಬೇಡ ಎಂದಿತ್ತು. ಒಂದು ಹಳದಿಯಲ್ಲಿ 185 ಮಿಲಿಗ್ರಾಂನಷ್ಟು ಇರುವುದು ನಿಜ. ಆದರೆ ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆಹಾರದಿಂದ ಹೆಚ್ಚು ಬಂದಾಗ ಬಹುತೇಕರಲ್ಲಿ ಆ ತಯಾರಿಕೆ ತಗ್ಗುತ್ತದೆ. ರಕ್ತದ ಕೊಲೆಸ್ಟ್ರಾಲನ್ನು ಹೆಚ್ಚು ಏರಿಸುವುದು ಬೆಣ್ಣೆ, ತುಪ್ಪಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು, ಅದು ಒಂದು ಮೊಟ್ಟೆಯಲ್ಲಿ ಒಂದೂವರೆ ಗ್ರಾಂ ಮಾತ್ರ. 2015ರಿಂದ 2020ರ ಅವಧಿಯ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಆ 300ರ ಮಿತಿಯನ್ನೇ ಕೈಬಿಡಲಾಯಿತು. ಹಾಗೆಂದು ದಿನಕ್ಕೆ ಹತ್ತು ತಿನ್ನಿರೆಂದು ನಾನು ಹೇಳಿದೆನೆಂದು ಯಾರೂ ಹೇಳಬಾರದು. ಆರೋಗ್ಯವಂತ ವಿದ್ಯಾರ್ಥಿಗೆ ದಿನಕ್ಕೆ ಒಂದೋ ಎರಡೋ ಇಡೀ ಮೊಟ್ಟೆ ಎಂಬುದಷ್ಟೇ ನನ್ನ ಮಾತು. ಮಧುಮೇಹ ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಇದ್ದರೆ ಅಂಥವರು, ಮೂತ್ರಪಿಂಡದ ತೊಂದರೆಯವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಲೆಕ್ಕವನ್ನೆಲ್ಲ ಒಪ್ಪಿದ ಮೇಲೂ ಒಬ್ಬ ಹುಡುಗ ಮುಖ ಕಿವುಚಿ, ಹಳದಿ ಗಂಟಲಲ್ಲಿ ಹಿಡಿಯುತ್ತದೆ, ಸುತ್ತ ಹಸಿರು ಬೇರೆ ಇರುತ್ತದೆ, ಕೆಟ್ಟಿರಬೇಕು ಎಂದ. ಹೇಗೆ ಬೇಯಿಸುತ್ತೀ ಎಂದರೆ, ನೀರಿಗೆ ಹಾಕಿ ಸ್ನಾನಕ್ಕೆ ಹೋಗುತ್ತಾನಂತೆ. ಆ ಹಸಿರು ಕೆಟ್ಟದ್ದರ ಗುರುತಲ್ಲ. ಅತಿಯಾಗಿ ಕುದಿದಾಗ ಬಿಳಿಯಿಂದ ಹೊರಡುವ ಗಂಧಕದ ಅಂಶ ಹಳದಿಯ ಕಬ್ಬಿಣವನ್ನು ಕೂಡಿ ಆ ಬಳೆಯನ್ನು ಕಟ್ಟುತ್ತದೆ; ಅಷ್ಟು ಹೊತ್ತಿಗೆ ಹಳದಿಯೂ ಒಣಗಿ ಸೀಮೆಸುಣ್ಣದಂತಾಗಿರುತ್ತದೆ. ಅಂಥದನ್ನು ನನಗೆ ಕೊಟ್ಟರೂ ನಾನು ಬದಿಗಿಟ್ಟೇನು. ಮೊಟ್ಟೆ ಮುಳುಗುವಷ್ಟು ತಣ್ಣೀರಿಟ್ಟು, ನೀರು ಚೆನ್ನಾಗಿ ಕುದಿಯಲು ತೊಡಗಿದ ಕೂಡಲೇ ಒಲೆ ಆರಿಸಿ, ಮುಚ್ಚಳ ಮುಚ್ಚಿ ಹನ್ನೆರಡು ನಿಮಿಷ ಬಿಟ್ಟು, ಆಮೇಲೆ ತಣ್ಣೀರಿಗೆ ಹಾಕಿದರೆ ಹಳದಿ ಗಟ್ಟಿಯಾಗಿಯೂ ಮೆತ್ತಗೂ ಇರುತ್ತದೆ. ಸ್ನಾನವನ್ನು ಆ ಹನ್ನೆರಡು ನಿಮಿಷದಲ್ಲಿ ಮುಗಿಸಬಹುದು. ಬಿಸಿಯಾಗಿರುವಾಗಲೇ ಉದ್ದಕ್ಕೆ ಸೀಳಿ, ಉಪ್ಪು, ಮೆಣಸಿನ ಪುಡಿ ಉದುರಿಸಿ, ಊರಿಂದ ತಂದಿಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ತಿಂದರೆ ಅದಕ್ಕಿಂತ ಬೇರೆ ತಿಂಡಿ ಬೇಕಿಲ್ಲ.

ಬೇಯಿಸಿದ್ದು ಬೇಸರವಾದವರಿಗೆ ಬುರ್ಜಿ ಇದೆ. ಈರುಳ್ಳಿ, ಹಸಿಮೆಣಸಿನಕಾಯಿ, ಟೊಮ್ಯಾಟೊ ಬಾಡಿಸಿ, ಚಿಟಿಕೆ ಅರಿಸಿನ ಹಾಕಿ, ಎರಡು ಮೊಟ್ಟೆ ಒಡೆದು ಹೊಯ್ದು, ಸಣ್ಣ ಉರಿಯಲ್ಲಿ ತಿರುವುತ್ತ ಇನ್ನೂ ತುಸು ಹಸಿ ಹೊಳಪಿರುವಾಗ ಉರಿ ಆರಿಸಿದರೆ ಬಾಣಲೆಯ ಕಾವಿಗೇ ಉಳಿದದ್ದು ಬೇಯುತ್ತದೆ. ಎಣ್ಣೆ ಒಂದು ಚಹಾ ಚಮಚ ಸಾಕು. ಒಂದು ಚಹಾ ಚಮಚ ಎಣ್ಣೆಯಲ್ಲಿರುವ ಕೊಬ್ಬು ಹೆಚ್ಚೂಕಡಿಮೆ ಒಂದು ಹಳದಿಯಲ್ಲಿರುವಷ್ಟೇ, ಅಂದರೆ ನಾಲ್ಕೂವರೆ ಗ್ರಾಂ. ಕೊಬ್ಬಿಗೆ ಅಂಜಿ ಹಳದಿ ಒಗೆದು, ಬಿಳಿಯನ್ನು ಮೂರು ಚಮಚ ಎಣ್ಣೆಯಲ್ಲಿ ಹುರಿದು, ಸಂಜೆ ಗಾಡಿಯ ಮುಂದೆ ನಿಂತು ಗಿರ್ಮಿಟ್ ಮತ್ತು ನಾಲ್ಕು ಮಿರ್ಚಿ ತಿನ್ನುವವರಿಗೆ ನಾನು ಏನು ಹೇಳಲಿ? ದೋಸೆಯ ಮೇಲೆ ಮೊಟ್ಟೆ ಒಡೆದು ಹರಡುವುದೂ ರಾತ್ರಿ ಉಳಿದ ಅನ್ನಕ್ಕೆ ಕಲಸಿ ಹುರಿಯುವುದೂ ಎಲ್ಲರಿಗೂ ಗೊತ್ತಿರುವವೇ.

ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದುಕೊಂಡು ಕುಡಿಯುವ ಜಿಮ್ ಶೂರರು ಮಾತ್ರ ದಯವಿಟ್ಟು ನಿಲ್ಲಿಸಬೇಕು. ಬೆಂದ ಮೊಟ್ಟೆಯ ಪ್ರೋಟೀನ್ ನೂರಕ್ಕೆ ತೊಂಬತ್ತರಷ್ಟು ಜೀರ್ಣವಾದರೆ ಹಸಿಯದು ಅರ್ಧದಷ್ಟೇ, ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ. ಪರೀಕ್ಷೆಯ ಹಿಂದಿನ ವಾರ ಭೇದಿ ಹಿಡಿಸಿಕೊಳ್ಳುವುದು ಯಾರಿಗೆ ಬೇಕು. ಮೊಟ್ಟೆಯಲ್ಲಿ ನಾರೂ ಇಲ್ಲ, ಸಿ ಜೀವಸತ್ವವೂ ಇಲ್ಲ. ಧಾರವಾಡದಲ್ಲಿದ್ದು ಪೇರಲ ಹಣ್ಣು ಸಿಗುವುದಿಲ್ಲವೆಂದು ಯಾರೂ ಹೇಳಲಾರರು, ಜೊತೆಗೆ ಒಂದು ತಿಂದರೆ ಎರಡೂ ಕೊರತೆ ತುಂಬುತ್ತವೆ.

ಆ ಸ್ನಾನದ ಹುಡುಗ ಎರಡು ತಿಂಗಳ ಮೇಲೆ ಬಂದಿದ್ದ. ಈಗ ಎರಡು ಇಡೀ ಮೊಟ್ಟೆ ತಿನ್ನುತ್ತಾನಂತೆ, ಹಳದಿ ಹಿಡಿಸಿದೆಯಂತೆ. ಆದರೆ ಒಲೆಯ ಬದಲು ಇಬ್ಬರಿಗೂ ಸೇರಿದ ಎಲೆಕ್ಟ್ರಿಕ್ ಕೆಟಲಿನಲ್ಲೇ ಕುದಿಸಲು ಹೋಗಿ, ಒಂದು ಮೊಟ್ಟೆ ಒಳಗೇ ಒಡೆದು, ಅಂದಿನಿಂದ ಕೋಣೆಯ ಗೆಳೆಯ ಚಹಾದಲ್ಲೆಲ್ಲ ತತ್ತಿಯ ವಾಸನೆ ಎಂದು ಮಾತು ಬಿಟ್ಟಿದ್ದಾನಂತೆ. ಕೆಟಲನ್ನು ಲಿಂಬೆರಸ ಹಾಕಿ ಎರಡು ಸಲ ಕುದಿಸಿ ತೊಳೆಯಲೂ, ಮೊಟ್ಟೆಗೆಂದೇ ಒಂದು ಸಣ್ಣ ಸ್ಟೀಲ್ ಪಾತ್ರೆ ಕೊಳ್ಳಲೂ ಹೇಳಿ ಕಳುಹಿಸಿದೆ.