ವರದಿ ಹೇಳುವುದೆಷ್ಟು, ಹೇಳದೆ ಉಳಿಸುವುದೆಷ್ಟು

ಗರ್ಭಸ್ಥ ಶಿಶುವಿಗೆ ಡೌನ್ ಸಿಂಡ್ರೋಮ್ ಇದೆಯೆಂದು ತಿಳಿಸುವ ವರ್ಣತಂತು (ಕ್ರೋಮೋಸೋಮ್) ಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಮುಖ್ಯವಾದದ್ದು ಒಂದೇ ಸಾಲು. ಜೀವಕೋಶದಲ್ಲಿ 46 ಇರಬೇಕಾದ ವರ್ಣತಂತುಗಳು 47 ಇವೆ, ಹೆಚ್ಚಾಗಿ ಬಂದಿರುವುದು 21ನೆಯದು. ಜೊತೆಗೆ ಲಗತ್ತಿಸಿದ ಚಿತ್ರದಲ್ಲಿ ವರ್ಣತಂತುಗಳನ್ನು ಜೋಡಿಜೋಡಿಯಾಗಿ ಸಾಲಾಗಿ ನಿಲ್ಲಿಸಿರುತ್ತಾರೆ. ಕೊನೆಯ ಸಾಲಿನ ಗಿಡ್ಡ ತುಣುಕುಗಳಲ್ಲಿ ಒಂದು ಕಡೆ ಮಾತ್ರ ಎರಡರ ಬದಲು ಮೂರು ಕಾಣುತ್ತವೆ. ವೈದ್ಯವಿಜ್ಞಾನ ಇಷ್ಟು ಖಚಿತವಾಗಿ ಹೇಳಬಲ್ಲ ಸಂಗತಿಗಳು ಕಡಿಮೆ. ಆದರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದ ತಂದೆತಾಯಿಯರು ಕೇಳುವ ಪ್ರಶ್ನೆಗಳು ಬೇರೆ: ಈ ಮಗು ಎಷ್ಟರಮಟ್ಟಿಗೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ, ನಮ್ಮಿಂದ ಸಾಕಲು ಆಗುತ್ತದೆಯೇ, ನಮ್ಮ ನಂತರ ಯಾರು ನೋಡಿಕೊಳ್ಳುತ್ತಾರೆ? ಬಸಿರನ್ನು ಮುಂದುವರಿಸಬೇಕೇ ಬೇಡವೇ ಎಂಬ ನಿರ್ಧಾರ ನಿಂತಿರುವುದು ಈ ಪ್ರಶ್ನೆಗಳ ಮೇಲೆ. ಆ ಸಾಲು ಇವುಗಳಿಗೆ ಉತ್ತರಿಸುವುದು ಅರ್ಧಂಬರ್ಧವಾಗಿ ಮಾತ್ರ.

ಮೊದಲು ನೋಡಬೇಕಾದದ್ದು, ಕೈಯಲ್ಲಿರುವುದು ರೋಗನಿರ್ಣಯದ ವರದಿಯೋ ಅಥವಾ ಸಾಧ್ಯತೆಯನ್ನಷ್ಟೇ ಸೂಚಿಸುವ ಸ್ಕ್ರೀನಿಂಗ್ ವರದಿಯೋ ಎಂಬುದನ್ನು. ತಾಯಿಯ ರಕ್ತದಲ್ಲಿ ತೇಲುವ ಡಿಎನ್ಎ ಚೂರುಗಳನ್ನು ಎಣಿಸುವ ಎನ್‌ಐಪಿಟಿ ಪರೀಕ್ಷೆ ಡೌನ್ ಸಿಂಡ್ರೋಮ್ ಇರುವ ಭ್ರೂಣಗಳಲ್ಲಿ ಸುಮಾರು ಶೇಕಡಾ 99ರಷ್ಟನ್ನು ಗುರುತಿಸುತ್ತದೆ. ಈ ಅಂಕಿ ಕೇಳಿದವರು ‘ಪಾಸಿಟಿವ್’ ಬಂದರೆ ಶೇಕಡಾ 99ರಷ್ಟು ಖಚಿತ ಎಂದುಕೊಳ್ಳುವುದು ಸಹಜ, ಆದರೆ ಲೆಕ್ಕ ಹಾಗೆ ಬರುವುದಿಲ್ಲ. ಸಾವಿರಕ್ಕೆ ಒಂದು ಬಸಿರಿನಲ್ಲಿ ಡೌನ್ ಸಿಂಡ್ರೋಮ್ ಇರುವ ವಯಸ್ಸಿನ 10,000 ಗರ್ಭಿಣಿಯರನ್ನು ತೆಗೆದುಕೊಳ್ಳೋಣ. ಸುಳ್ಳು ಪಾಸಿಟಿವ್ ಸಾವಿರಕ್ಕೊಂದು ಎಂದಿಟ್ಟುಕೊಳ್ಳೋಣ. ನಿಜವಾಗಿ ಡೌನ್ ಸಿಂಡ್ರೋಮ್ ಇರುವ 10 ಬಸಿರುಗಳೂ ಪಾಸಿಟಿವ್ ಬರುತ್ತವೆ, ಏನೂ ಇಲ್ಲದ ಇನ್ನೂ 10 ಬಸಿರುಗಳೂ ಪಾಸಿಟಿವ್ ಬರುತ್ತವೆ. ಅಂದರೆ ಆ ವರದಿ ನಿಜವಾಗುವ ಸಾಧ್ಯತೆ ಅರ್ಧಕ್ಕರ್ಧ. ಇದೇ ಲೆಕ್ಕವನ್ನು ನೂರಕ್ಕೊಂದರಂತೆ ಕಾಣಿಸುವ 40ರ ವಯಸ್ಸಿನವರಿಗೆ ಹಾಕಿದರೆ ಸಾಧ್ಯತೆ ಶೇಕಡಾ 90ರ ಆಚೆಗೆ ಹೋಗುತ್ತದೆ. ಇನ್ನೊಂದು ಸಂಗತಿ, ಈ ಪರೀಕ್ಷೆ ನೋಡುವ ಚೂರುಗಳು ಬರುವುದು ಮುಖ್ಯವಾಗಿ ಮಾಸುವಿನಿಂದ, ಭ್ರೂಣದಿಂದಲ್ಲ. ಮಾಸುವಿನಲ್ಲಿ ಮಾತ್ರ ಹೆಚ್ಚುವರಿ ವರ್ಣತಂತು ಇದ್ದು ಮಗುವಿನಲ್ಲಿ ಇಲ್ಲದಿರುವುದೂ ಉಂಟು.

ಆದ್ದರಿಂದ ಎನ್‌ಐಪಿಟಿ ಒಂದನ್ನೇ ನಂಬಿ ಗರ್ಭಪಾತದ ನಿರ್ಧಾರಕ್ಕೆ ಬರುವುದು ಸರಿಯಲ್ಲ; ಈ ವಿಷಯದಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ಖಚಿತಪಡಿಸಿಕೊಳ್ಳಲು 15 ವಾರಗಳ ನಂತರ ಗರ್ಭಜಲವನ್ನು ಸೂಜಿಯಿಂದ ತೆಗೆದು ಪರೀಕ್ಷಿಸುವ ಆಮ್ನಿಯೋಸೆಂಟೆಸಿಸ್ ಇದೆ, ಅದಕ್ಕಿಂತ ಮೊದಲೇ ಮಾಸುವಿನ ಅಂಶವನ್ನು ತೆಗೆದು ನೋಡುವ ವಿಧಾನವೂ ಇದೆ. ಇವುಗಳಿಂದ ಗರ್ಭ ಕಳೆದುಹೋಗುವ ಭಯ ಎಲ್ಲರಲ್ಲೂ ಇರುತ್ತದೆ. ಅನುಭವಿ ವೈದ್ಯರ ಕೈಯಲ್ಲಿ ಆ ಅಪಾಯ ಶೇಕಡಾ ಅರ್ಧಕ್ಕಿಂತ ಕಡಿಮೆ.

ವರದಿ ಖಚಿತವಾದ ಮೇಲೆ ಮನೆಯೊಳಗೆ ಏಳುವ ಮೊದಲ ಮಾತು ‘ತಪ್ಪು ಯಾರದು’ ಎಂಬುದು. ಯಾರದೂ ಅಲ್ಲ. ಹೆಣ್ಣಿನ ಅಂಡಾಣುಗಳು ಆಕೆ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ವಿಭಜನೆ ಆರಂಭಿಸಿ, ನಡುವೆ ನಿಂತು, ದಶಕಗಳ ನಂತರ ಅಂಡೋತ್ಪತ್ತಿಯ ಹೊತ್ತಿಗೆ ಅದನ್ನು ಮುಂದುವರಿಸುತ್ತವೆ. ಅಷ್ಟೂ ಕಾಲ ಜೋಡಿ ವರ್ಣತಂತುಗಳನ್ನು ಹಿಡಿದಿಡುವ ಪ್ರೋಟೀನುಗಳು ಸವೆಯುತ್ತಾ ಬರುವುದರಿಂದ, ಬೇರ್ಪಡುವ ಗಳಿಗೆಯಲ್ಲಿ ಎರಡು ವರ್ಣತಂತುಗಳು ಒಂದೇ ಕಡೆಗೆ ಸರಿದುಬಿಡಬಹುದು. ವಯಸ್ಸಿನೊಂದಿಗೆ ಸಾಧ್ಯತೆ ಏರುವುದು ಇದರಿಂದಲೇ. ತಿಂದದ್ದು, ಉಂಡದ್ದು, ಎತ್ತಿದ ಭಾರ, ಪಟ್ಟ ಚಿಂತೆ ಯಾವುದಕ್ಕೂ ಇಲ್ಲಿ ಪಾತ್ರವಿಲ್ಲ.

ಇನ್ನು ಮಗುವಿನ ವಿಷಯ. ಕಲಿಕೆಯ ತೊಂದರೆ ಎಲ್ಲರಲ್ಲೂ ಇರುತ್ತದೆ, ಬಹುಮಂದಿಯಲ್ಲಿ ಅದು ಸೌಮ್ಯದಿಂದ ಮಧ್ಯಮ ಮಟ್ಟದ್ದು, ಕೆಲವರಲ್ಲಿ ತೀವ್ರ. ಓದು ಬರಹ ಕಲಿತು ಕೆಲಸಕ್ಕೆ ಹೋಗುವವರಿದ್ದಾರೆ, ಜೀವನವಿಡೀ ಮಾತು ಕೆಲವೇ ಪದಗಳಿಗೆ ಸೀಮಿತವಾಗುವವರೂ ಇದ್ದಾರೆ. ಹುಟ್ಟಲಿರುವ ಮಗು ಈ ಹರವಿನಲ್ಲಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗರ್ಭದಲ್ಲಿರುವಾಗ ಹೇಳುವ ಪರೀಕ್ಷೆ ಯಾವುದೂ ಇಲ್ಲ. ಹೇಳುತ್ತೇನೆನ್ನುವ ವೈದ್ಯರಿದ್ದರೆ ಅವರ ಮಾತನ್ನು ಅನುಮಾನದಿಂದಲೇ ಕೇಳಬೇಕು. ದೇಹದ ಬಗ್ಗೆ ಮಾತ್ರ ಇನ್ನಷ್ಟು ತಿಳಿದುಕೊಳ್ಳಲು ದಾರಿಯಿದೆ. ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಐದನೆಯ ತಿಂಗಳ ಹೊತ್ತಿಗೆ ಭ್ರೂಣದ ಹೃದಯದ ಸ್ಕ್ಯಾನ್ ಮಾಡಿಸಿದರೆ ದೊಡ್ಡ ದೋಷಗಳಲ್ಲಿ ಹೆಚ್ಚಿನವು ಕಾಣುತ್ತವೆ. ಅವುಗಳಲ್ಲಿ ಬಹುಪಾಲನ್ನು ಇಂದು ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲಾಗುತ್ತಿದೆ. ಹೃದಯ ನೆಟ್ಟಗಿದೆಯೆಂಬ ವರದಿಯೋ, ಶಸ್ತ್ರಚಿಕಿತ್ಸೆ ಬೇಕೆಂಬ ವರದಿಯೋ ತಂದೆತಾಯಿಯರ ಮನಸ್ಸನ್ನು ಒಂದು ಕಡೆಗೆ ವಾಲಿಸುವುದುಂಟು. ಸಮಯವಿದ್ದರೆ ಅದಕ್ಕಾಗಿ ಕಾಯುವುದರಲ್ಲಿ ಅರ್ಥವಿದೆ.

ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ ಸುಮಾರು 25 ವರ್ಷ. ಈಗ ಒಳ್ಳೆಯ ಚಿಕಿತ್ಸೆ ದೊರೆಯುವ ದೇಶಗಳಲ್ಲಿ 60ರ ಆಸುಪಾಸು. ಈ ಸುದ್ದಿಗೆ ಇನ್ನೊಂದು ಮಗ್ಗುಲಿದೆ, ಅದನ್ನು ಹೇಳದಿರುವುದು ಅಪ್ರಾಮಾಣಿಕ. ಆಲ್‌ಜೈಮರ್ಸ್ ರೋಗದಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಎಂಬ ವಸ್ತುವಿನ ಮೂಲ ಪ್ರೋಟೀನಿನ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲೇ. ಅದರ ಪ್ರತಿಗಳು ಎರಡರ ಬದಲು ಮೂರು ಇರುವುದರಿಂದ, ಇವರಲ್ಲಿ ಬಹಳ ಮಂದಿಗೆ ಐವತ್ತರ ವಯಸ್ಸಿನಲ್ಲೇ ಮರೆವಿನ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ತಂದೆತಾಯಿಯರು ಎಂಬತ್ತನ್ನು ಮುಟ್ಟಿರುತ್ತಾರೆ, ಇಲ್ಲವೇ ಇರುವುದಿಲ್ಲ. ‘ನಮ್ಮ ನಂತರ ಯಾರು’ ಎಂಬ ಪ್ರಶ್ನೆಯನ್ನು ಅತಿಯಾದ ಆತಂಕವೆಂದು ತಳ್ಳಿಹಾಕಲು ಬರುವುದಿಲ್ಲ.

ಈಗಾಗಲೇ ಇಂಥ ಮಕ್ಕಳನ್ನು ಬೆಳೆಸಿದವರು ಏನು ಹೇಳುತ್ತಾರೆ? ಅಮೆರಿಕದ ವೈದ್ಯ ಬ್ರಯಾನ್ ಸ್ಕಾಟ್ಕೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಂದೆತಾಯಿಯರ ಪೈಕಿ ಮಗುವನ್ನು ಪಡೆದದ್ದಕ್ಕೆ ವಿಷಾದಿಸಿದವರು ಶೇಕಡಾ 4 ಮಾತ್ರ. ಈ ಅಂಕಿಯನ್ನು ಮುಂದುವರಿಸುವ ಪರವಾಗಿ ವಾದಿಸುವವರು ಪದೇಪದೇ ಎತ್ತಿ ತೋರಿಸುತ್ತಾರೆ. ಉತ್ತರಿಸಿದವರು ಡೌನ್ ಸಿಂಡ್ರೋಮ್ ಸಂಘಗಳ ಮೂಲಕ ಸಿಕ್ಕವರು, ಅಂದರೆ ಬೆಂಬಲದ ಬಳಗವೊಂದನ್ನು ಆಗಲೇ ಕಂಡುಕೊಂಡವರು. ಒಬ್ಬಂಟಿಯಾಗಿ ದಣಿದವರು ಅಂಥ ಪ್ರಶ್ನಾವಳಿ ತುಂಬಲು ಕೂರುವುದು ಕಡಿಮೆ. ಹಾಗೆಂದು ಸಮೀಕ್ಷೆಯನ್ನು ಬದಿಗೆ ಸರಿಸಬೇಕಾಗಿಲ್ಲ. ಬೆಂಬಲವಿದ್ದ ಕಡೆ ಬದುಕು ಹೇಗಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಕುಟುಂಬವೊಂದು ತನಗೆ ಅಂಥ ಬೆಂಬಲವಿದೆಯೇ ಎಂದು ಕೇಳಿಕೊಳ್ಳಲು ಅದು ನೆರವಾಗುತ್ತದೆ.

ಒಳ್ಳೆಯ ಆಪ್ತಸಮಾಲೋಚಕರು ಯಾವ ಕಡೆಗೂ ನೂಕುವುದಿಲ್ಲ. ‘ಅಯ್ಯೋ ಪಾಪ’ ಎಂದು ಆರಂಭಿಸಿದ ಮಾತು ಆಗಲೇ ಒಂದು ಕಡೆಗೆ ನೂಕಿರುತ್ತದೆ, ‘ದೇವರು ಕೊಟ್ಟ ಮಗು’ ಎಂಬುದು ಇನ್ನೊಂದು ಕಡೆಗೆ. ಗರ್ಭಪಾತಕ್ಕೆ ಕಾನೂನಿನ ಗಡುವು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಅದನ್ನು ಮೊದಲ ದಿನವೇ ಕೇಳಿ ತಿಳಿದುಕೊಂಡು, ಉಳಿದ ದಿನಗಳಲ್ಲಿ ಮಕ್ಕಳ ತಜ್ಞರನ್ನೂ, ಇಂಥ ಮಗುವನ್ನು ಬೆಳೆಸುತ್ತಿರುವವರನ್ನೂ, ಬಸಿರನ್ನು ನಿಲ್ಲಿಸಿದವರನ್ನೂ ಕಂಡು ಮಾತನಾಡಬಹುದು. ನಿಲ್ಲಿಸಿದವರು ಬಯಸಿ ಪಡೆದ ಬಸಿರನ್ನು ಕಳೆದುಕೊಂಡವರೇ. ಅವರ ದುಃಖ ಬೇರೆ ಗರ್ಭನಷ್ಟಗಳ ದುಃಖಕ್ಕಿಂತ ಕಡಿಮೆಯದಲ್ಲ, ಹೇಳಿಕೊಳ್ಳಲು ಮಾತ್ರ ಹೆಚ್ಚು ಕಷ್ಟ. ಮುಂದುವರಿಸುವವರಿಗೂ ಒಂದು ಮಾತನ್ನು ಮೊದಲೇ ತಿಳಿಸಬೇಕು: ಮೂರನೆಯ ತಿಂಗಳಲ್ಲಿ ಪತ್ತೆಯಾದ ಇಂಥ ಬಸಿರುಗಳಲ್ಲಿ ಹತ್ತಕ್ಕೆ ಸುಮಾರು ಮೂರು, ಯಾರೂ ಏನೂ ಮಾಡದಿದ್ದರೂ, ಹೆರಿಗೆಯವರೆಗೆ ಉಳಿಯುವುದಿಲ್ಲ.

ಯಾವ ದಾರಿ ಹಿಡಿದರೂ ವರದಿಯಲ್ಲಿ ಇನ್ನೊಂದನ್ನು ನೋಡಬೇಕು. ಸುಮಾರು ಶೇಕಡಾ 95 ಪ್ರಕರಣಗಳಲ್ಲಿ ಹೆಚ್ಚುವರಿ ವರ್ಣತಂತು ಬಿಡಿಯಾಗಿರುತ್ತದೆ, ಮುಂದಿನ ಬಸಿರಿನಲ್ಲಿ ಮರುಕಳಿಸುವ ಸಾಧ್ಯತೆ ಶೇಕಡಾ 1ರ ಆಸುಪಾಸು ಅಥವಾ ತಾಯಿಯ ವಯಸ್ಸಿಗೆ ತಕ್ಕಷ್ಟು. ಶೇಕಡಾ 3–4ರಲ್ಲಿ ಅದು ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ. ಆಗ ತಂದೆತಾಯಿಯರಿಬ್ಬರ ರಕ್ತವನ್ನೂ ಪರೀಕ್ಷಿಸಬೇಕು. ಅವರಲ್ಲೊಬ್ಬರು ತಮಗೇನೂ ತೊಂದರೆಯಿಲ್ಲದೆ ಆ ಅಂಟಿದ ವರ್ಣತಂತುವನ್ನು ಹೊತ್ತಿದ್ದರೆ, ಮರುಕಳಿಸುವ ಸಾಧ್ಯತೆ ಹೆಚ್ಚು, ಮತ್ತು ಅವರ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.