ಶಟರ್ ಇಳಿದ ಹಾಗೆ ಇಳಿಯುವ ಭೂಫಲಕ

ಶಾಲೆಯ ಪುಸ್ತಕದ ಆ ಚಿತ್ರ ನೆನಪಿದೆ ಅಲ್ವಾ? ಕಡಲತಳದ ಭೂಫಲಕ ಹಲಗೆಯಂತೆ ಬಂದು, ಪಕ್ಕದ ಫಲಕದ ಕೆಳಗೆ ಓರೆಯಾಗಿ ಜಾರಿ, ಭೂಮಿಯೊಳಗೆ ಹೋಗುತ್ತದೆ. ಭೂಕಂಪದ ಅಲೆ ಓದುವುದೇ ನನ್ನ ಕೆಲಸ. ಆ ಚಿತ್ರ ಕಂಡರೆ ಈಗಲೂ ಕಿರಿಕಿರಿ. ಒಳಗೆ ಹೋಗುತ್ತಿರುವುದು ಸುಮಾರು 100 ಕಿಲೋಮೀಟರ್ ದಪ್ಪದ ತಣ್ಣನೆಯ ಬಂಡೆ. ಅಷ್ಟು ದಪ್ಪದ ಕಲ್ಲು ಬಾಗಿದ್ದಾದರೂ ಹೇಗೆ? ಚಿತ್ರ ಅದನ್ನು ಸುಮ್ನೆ ಹಾರಿಸಿಬಿಡುತ್ತದೆ.

ಮಲ್ಲೇಶ್ವರದಲ್ಲಿ ನಮ್ಮ ಮನೆ ಹತ್ತಿರದ ದಿನಸಿ ಅಂಗಡಿ ರಾತ್ರಿ ಮುಚ್ಚುವುದನ್ನು ನೋಡಬೇಕು. ಹಳೇ ಶಟರ್, ಮೇಲೆ ಸುತ್ತಿಕೊಂಡಿರುತ್ತದೆ. ಅಂಗಡಿಯವರು ಕೊಕ್ಕೆ ಹಾಕಿ ಒಂದು ಸಲ ಎಳೆಯುತ್ತಾರೆ, ಅರ್ಧ ದಾಟಿದ ಮೇಲೆ ತನ್ನ ಭಾರಕ್ಕೆ ತಾನೇ ದಡದಡ ಇಳಿಯುತ್ತದೆ. ಮೇಲೆ ಬಾಗಿದ್ದದ್ದು ಕೆಳಗೆ ಬರುತ್ತ ನೆಟ್ಟಗಾಗುತ್ತದೆ. ತಗಡಿನ ಪಟ್ಟಿ ಒಂದೂ ಬಾಗಿಲ್ಲ, ಬಾಗಿದ್ದೆಲ್ಲ ಪಟ್ಟಿಗಳ ನಡುವಿನ ಸಂದು.

ಭೂಫಲಕವೂ ಹೆಚ್ಚುಕಡಿಮೆ ಹೀಗೇ. ಆದರೆ ಅದರ ಬಹುಪಾಲು ಸಂದುಗಳು ಮೊದಲೇ ಇರುವುದಿಲ್ಲ, ಬಾಗುವಾಗ ಹುಟ್ಟುತ್ತವೆ. ಫಲಕ ಒಳಗಿಳಿಯುವ ಜಾಗವಾದ ಕಡಲ ಕಂದಕ ಇನ್ನೂ ಸ್ವಲ್ಪ ದೂರ ಇರುವಾಗಲೇ ಫಲಕ ಮೇಲಕ್ಕೆ ಉಬ್ಬಿ ಬಾಗತೊಡಗುತ್ತದೆ. ಆಗ ಮೇಲ್ಭಾಗ ಹಿಗ್ಗಿ, ಅರೆ ಒಣಗಿದ ಹಪ್ಪಳ ಬಗ್ಗಿಸಿದ ಹಾಗೆ, ಸಾಲುಸಾಲಾಗಿ ಬಿರುಕು ಬಿಡುತ್ತದೆ. ಆ ಬಿರುಕಲ್ಲಿ ಸಮುದ್ರದ ನೀರು ಇಳಿದು ಕಲ್ಲನ್ನು ಇನ್ನೂ ಮೆತ್ತಗೆ ಮಾಡುತ್ತದೆ. ಇದು ಸಣ್ಣ ಸದ್ದಿನ ಕೆಲಸ ಅಂದುಕೊಳ್ಳಬೇಡಿ. 1933ರಲ್ಲಿ ಜಪಾನಿನ ಸನ್ರಿಕು ತೀರದಾಚೆ ಹೀಗೆ ಬಾಗುತ್ತಿದ್ದ ಫಲಕವೇ ಸೀಳಿ 8.4 ತೀವ್ರತೆಯ ಭೂಕಂಪವಾಯಿತು, ಸುನಾಮಿ ಎದ್ದಿತು.

ಬಿರುಕು ಮೇಲ್ಭಾಗದ ಮಾತು. ಕೆಳಗಿನ ಬಿಸಿ ಭಾಗದಲ್ಲಿ ಕಲ್ಲು ಒಡೆಯುವುದಿಲ್ಲ, ಅದರ ಹರಳುಗಳು ಅಕ್ಕಿ ನುಚ್ಚಾದ ಹಾಗೆ ಸಣ್ಣಗಾಗುತ್ತವೆ. ನುಚ್ಚಾದ ಕಲ್ಲು ಬೇಗ ಬಗ್ಗುತ್ತದೆ. 2021ರಲ್ಲಿ ಭೂವಿಜ್ಞಾನಿ ತಾರಾಸ್ ಗೆರ್ಯಾ ಮತ್ತು ಜೊತೆಗಾರರು ಈ ಎರಡನ್ನೂ ಸೇರಿಸಿ ಕಂಪ್ಯೂಟರ್‌ನಲ್ಲಿ ಫಲಕವನ್ನು ಮುಳುಗಿಸಿ ನೋಡಿದರು. ಫಲಕ ಗಟ್ಟಿ ತುಂಡು, ಮೆತ್ತನೆ ಪಟ್ಟೆ, ಮತ್ತೆ ಗಟ್ಟಿ ತುಂಡು ಅಂತ ಭಾಗಭಾಗವಾಯಿತು, ಆದರೆ ಕಳಚಿ ಬೀಳಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಈ ಕಳಚದಿರುವುದೇ. ಮುಳುಗಿದ ಭಾಗದ ಭಾರ ತಾನೇ ಮೇಲಿನ ಫಲಕವನ್ನು ಎಳೆಯುವುದು? ಪೂರ್ತಿ ತುಂಡಾದರೆ ಎಳೆತವೇ ನಿಲ್ಲುತ್ತದೆ.

2012ರ ಏಪ್ರಿಲ್ 11ರ ಮಧ್ಯಾಹ್ನ ಬೆಂಗಳೂರಲ್ಲೂ ಜನ ಆಫೀಸು ಬಿಟ್ಟು ರಸ್ತೆಗಿಳಿದಿದ್ದರಲ್ಲ, ಆ 8.6ರ ಕಂಪನವೂ ಸುಮಾತ್ರಾದ ಕಂದಕಕ್ಕೆ ಇನ್ನೂ ಇಳಿಯದ ಕಡಲತಳದೊಳಗೇ ಆದದ್ದು. ಅದು ಬಾಗಿ ಬಂದ ಬಿರುಕಲ್ಲ, ಫಲಕದ ತುಂಡುಗಳು ಅಕ್ಕಪಕ್ಕ ಜರುಗಿದ್ದು. ಅಂತೂ ಫಲಕ ಮುಳುಗುವ ಮೊದಲೇ ಸಾಕಷ್ಟು ಪೆಟ್ಟು ತಿಂದಿರುತ್ತದೆ. ಅವತ್ತು ಫೋನ್ ಮಾಡಿದವರೆಲ್ಲ ಕೇಳಿದ್ದು, ನಮ್ಮೂರೂ ಹೀಗೇ ಒಳಗೆ ಹೋಗುತ್ತಾ ಸಾರ್ ಅಂತ. ಇಲ್ಲ. ಖಂಡದ ಕಲ್ಲು ಹಗುರ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಇನ್ನೂ ಮೇಲೇ ಕೂತಿದೆ. ನಮ್ಮಲ್ಲಿ ಮುಳುಗುವುದು ಮಳೆಗಾಲದಲ್ಲಿ ಅಂಡರ್‌ಪಾಸ್ ಮಾತ್ರ.

ಸುಮಾರು 660 ಕಿಲೋಮೀಟರ್ ಆಳದಲ್ಲಿ ಶಟರ್ ಹೋಲಿಕೆ ಕೈಕೊಡುತ್ತದೆ. ಅಲ್ಲಿಂದ ಕೆಳಗೆ ಮ್ಯಾಂಟಲ್, ಅಂದರೆ ಫಲಕ ಮುಳುಗುವ ಬಿಸಿ ಕಲ್ಲಿನ ಪದರ, ಜಾಸ್ತಿ ಬಿಗಿ. ನೀರುದೋಸೆ ಮೇಲೆ ಎತ್ತರದಿಂದ ಜೋನಿಬೆಲ್ಲ ಸುರಿದರೆ ಎಳೆ ತಟ್ಟೆ ಮುಟ್ಟಿ ಹಿಂದೆ ಮುಂದೆ ಮಡಚಿಕೊಳ್ಳುತ್ತದಲ್ಲ, ಕೆಲವು ಫಲಕಗಳು ಹಾಗೆ ಮಡಚುತ್ತವೆ. ಜಪಾನಿನ ಕಡೆಯಿಂದ ಇಳಿದದ್ದು ಚೀನಾದ ಕೆಳಗೆ ಅಡ್ಡಡ್ಡ ಮಲಗಿದೆ. ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಹತ್ತಿರದ್ದು ನೇರ ಕೆಳಗಿಳಿದಿದೆ.

2013ರ ಮೇ 24ರಂದು ರಷ್ಯಾದ ಪೂರ್ವ ತುದಿಯ ಓಖೋಟ್ಸ್ಕ್ ಸಮುದ್ರದಡಿ ಸುಮಾರು 600 ಕಿಲೋಮೀಟರ್ ಆಳದಲ್ಲಿ, ಮುಳುಗಿದ ಫಲಕದೊಳಗೇ, 8.3ರ ಕಂಪನವಾಯಿತು, ದೂರದ ಮಾಸ್ಕೋದಲ್ಲೂ ಜನರಿಗೆ ತಿಳಿಯಿತು. ಅಷ್ಟು ಒತ್ತಡದಲ್ಲಿ ಕಲ್ಲು ಹರಿಯಬೇಕು, ಒಡೆಯಬಾರದು. ಫಲಕದ ತಣ್ಣನೆಯ ಒಡಲಲ್ಲಿ ಆಲಿವಿನ್ ಖನಿಜ ಬದಲಾಗದೆ ಉಳಿದು, ಆಮೇಲೆ ಒಮ್ಮೆಲೇ ರೂಪ ಬದಲಿಸಿ ಕುಸಿಯುತ್ತದೆ ಅನ್ನುವುದು ಒಂದು ವಿವರಣೆ. ನನ್ನ ಒಲವು ಅದರ ಕಡೆಗೇ, ಆದರೆ ನಮ್ಮವರಲ್ಲಿ ಅದರ ಜಗಳ ಇನ್ನೂ ಮುಗಿದಿಲ್ಲ.