ಲಿಫ್ಟ್ ಕಿಟ್: ಎತ್ತರವಾಗುವುದು ಯಾವುದು?

ಹೊಸನಗರದ ಹತ್ತಿರ ತೋಟ ಇರುವ ನಮ್ಮ ಭಾವ ತಮ್ಮ ಪಿಕಪ್‌ಗೆ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದರು. ಗಾಡಿಗೆ ಒಳ್ಳೆ ಗತ್ತು ಬಂತು. ಮಳೆ ಹಿಡಿದ ಮೇಲೆ ತೋಟಕ್ಕೆ ಇಳಿದರೆ, ಎರಡು ಚಕ್ರದ ಜಾಡಿನ ನಡುವೆ ಉಳಿಯುವ ದಿಬ್ಬಕ್ಕೆ ಗಾಡಿಯ ಅಡಿ ಮೊದಲಿನ ಹಾಗೇ ಕರ್ರ್ ಅಂತ ಉಜ್ಜಿತು. ‘ಎರಡು ಇಂಚು ಎಲ್ಲಿಗೆ ಹೋಯ್ತು ಮಾರಾಯ?’ ಅಂದರು.

ಎಲ್ಲಿಗೂ ಹೋಗಿರಲಿಲ್ಲ. ತಕರಾರು ಇರುವುದು ಹೆಸರಲ್ಲಿ. ಲಿಫ್ಟ್ ಅಂದರೆ ಎತ್ತುವುದು, ಕಿಟ್ ಅಂದರೆ ಅದಕ್ಕೆ ಬೇಕಾದ ಸಾಮಾನು. ಎತ್ತುವುದು ಏನನ್ನು ಅಂತ ಹೆಸರು ಹೇಳುವುದಿಲ್ಲ. ಭಾವ ಹಾಕಿಸಿದ್ದು ಸಸ್ಪೆನ್ಷನ್ ಲಿಫ್ಟ್, ಅಂದರೆ ಸ್ಪ್ರಿಂಗಿನ ಹತ್ತಿರ ಎತ್ತುವುದು. ಅದು ಎತ್ತುವುದು ಚಾಸಿ ಎನ್ನುವ ಕಬ್ಬಿಣದ ಚೌಕಟ್ಟನ್ನು, ಅದರ ಮೇಲೆ ಕೂತ ಬಾಡಿಯನ್ನು. ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ ಇದ್ದಲ್ಲೇ ಇರುತ್ತದೆ. ಪಿಕಪ್‌ನ ಹಿಂದಿನ ಆಕ್ಸಲ್ ನಡುವೆ ಮಡಕೆ ಹಾಗೆ ಉಬ್ಬಿದ ಹೌಸಿಂಗ್ ಇದೆ ನೋಡಿ, ಗಾಡಿಯ ಅತಿ ಕೆಳಗಿನ ಜಾಗ ಸಾಮಾನ್ಯವಾಗಿ ಅದೇ. ಗ್ರೌಂಡ್ ಕ್ಲಿಯರೆನ್ಸ್ ಅಳೆಯುವುದು ಅತಿ ಕೆಳಗಿನ ಜಾಗದಿಂದ ನೆಲಕ್ಕೆ. ಆ ಮಡಕೆಯನ್ನು ಎತ್ತುವುದು ಟೈರ್ ಮಾತ್ರ. ಅದೂ ಅರ್ಧ ಲೆಕ್ಕದಲ್ಲಿ: ಟೈರ್ ಎರಡು ಇಂಚು ಎತ್ತರವಾದರೆ ಆಕ್ಸಲ್ ಏರುವುದು ಒಂದೇ ಇಂಚು.

ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಗಾಡಿಗಳಲ್ಲಿ ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಆಡುತ್ತವೆ, ಕಾಯಿಲ್ ಸ್ಪ್ರಿಂಗ್ ಮೇಲೆ. ಅಲ್ಲಿ ಚಾಸಿ ಏರಿದರೆ ಇಂಜಿನ್ ಅಡಿಯೂ ಏರುತ್ತದೆ. ಹಿಂದೆ ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್, ಮತ್ತೆ ಅದೇ ಮಡಕೆ. ಬಾಡಿ ಲಿಫ್ಟ್ ಅಂತ ಇನ್ನೊಂದಿದೆ. ಚಾಸಿಗೂ ಬಾಡಿಗೂ ನಡುವೆ ದಪ್ಪ ಬಿಲ್ಲೆ ಇಡುವುದು ಅಷ್ಟೆ. ಅಡಿಭಾಗಕ್ಕೆ ಅದರಿಂದ ಏನೂ ಇಲ್ಲ.

ಹಾಗಾದರೆ ಕಿಟ್ ಸುಮ್ನೆ ಶೋಕಿಗಾ? ಅಲ್ಲ. ಹಳ್ಳಕ್ಕೆ ಇಳಿದು ಆಚೆ ಧರೆ ಹತ್ತುವಾಗ ಮೊದಲು ತಾಗುವುದು ಬಂಪರ್. ಚಾಸಿ ಏರಿದರೆ ಅದು ತಪ್ಪುತ್ತದೆ. ದೊಡ್ಡ ಟೈರ್ ಮಡ್‌ಗಾರ್ಡ್‌ಗೆ ಉಜ್ಜದೆ ತಿರುಗಲು ಜಾಗವೂ ಸಿಗುತ್ತದೆ. ನಿಜ ಹೇಳಬೇಕೆಂದರೆ ಕಿಟ್ ಇರುವುದು ಮುಖ್ಯವಾಗಿ ಈ ಟೈರಿಗೆ ಜಾಗ ಮಾಡಿಕೊಡಲು. ಭಾವ ಟೈರ್ ಬದಲಿಸಿರಲಿಲ್ಲ.

ಹಾಕುವ ಕೆಲಸ ದೂರದಿಂದ ಸಲೀಸಾಗಿ ಕಾಣುತ್ತದೆ. ಹಿಂದೆ ಆಕ್ಸಲ್ಲಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು, ಉದ್ದದ ಹೊಸ ಯು-ಬೋಲ್ಟ್ ಬಿಗಿಯುತ್ತಾರೆ. ಇಲ್ಲವೇ ಪಟ್ಟಿಗಳ ಜೊತೆಗೆ ಇನ್ನೊಂದು ಪಟ್ಟಿ ಸೇರಿಸುತ್ತಾರೆ. ಗೊಬ್ಬರ, ಅಡಿಕೆ ಹೇರುವವರಿಗೆ ಪಟ್ಟಿಯೇ ವಾಸಿ. ಆದರೆ ಖಾಲಿ ಇದ್ದಾಗ ಗಾಡಿ ಕುಪ್ಪಳಿಸುತ್ತದೆ. ಮುಂದೆ ಸ್ಪ್ರಿಂಗ್ ಮೇಲೆ ಸ್ಪೇಸರ್ ಎನ್ನುವ ದಪ್ಪ ಬಿಲ್ಲೆ ಇಡುತ್ತಾರೆ, ಅಥವಾ ಸ್ಪ್ರಿಂಗನ್ನೇ ಬದಲಿಸುತ್ತಾರೆ. ಮುಂದಿನ ಆಕ್ಸಲ್ಲಿಗೆ ಲೀಫ್ ಸ್ಪ್ರಿಂಗ್ ಇರುವ ಹಳೆ ಜೀಪಿನಲ್ಲಿ ಬ್ಲಾಕ್ ಇಡಬಾರದು. ಬ್ರೇಕ್ ಒತ್ತಿದಾಗ, ಸ್ಟಿಯರಿಂಗ್ ತಿರುಗಿಸಿದಾಗ ಅದು ಜಾರಬಹುದು. ನೂರಿನ್ನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟ್ ಮತ್ತೆ ಬಿಗಿಸಬೇಕು. ಮರೆಯುವವರೇ ಜಾಸ್ತಿ.

ಆಮೇಲಿನದು ದೊಡ್ಡ ಕಥೆ. ಚಕ್ರಕ್ಕೆ ಹೋಗುವ ಮುಂದಿನ ಶಾಫ್ಟ್‌ಗಳು ಓರೆಯಾಗಿ, ಸಿವಿ ಜಾಯಿಂಟಿನ (ಶಾಫ್ಟ್ ಓರೆಯಾದರೂ ತಿರುಗಲು ಬಿಡುವ ಕೀಲು) ರಬ್ಬರ್ ಬೂಟು ಬೇಗ ಹರಿಯುತ್ತದೆ. ಹರಿದ ಬೂಟಿನೊಳಗೆ ನಮ್ಮ ಕೆಂಪು ಮಣ್ಣು ಹೊಕ್ಕರೆ ಜಾಯಿಂಟಿನ ಕಥೆ ಮುಗಿಯಿತು. ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರ್ ಒಂದೇ ಕಡೆ ಸವೆಯುತ್ತದೆ. ಎತ್ತರ ಜಾಸ್ತಿಯಾಗಿ ಬ್ರೇಕ್ ಹೋಸಿನ ಉದ್ದ ಸಾಲದೆ ಹೋಗದಂತೆ ನೋಡಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಲೋಡ್ ನೋಡಿ ಬ್ರೇಕ್ ಹಂಚುವ ವಾಲ್ವ್ ಇರುತ್ತದೆ. ಹಿಂಭಾಗ ಎತ್ತರವಾದರೆ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಜೊತೆಗೆ ಗಾಡಿಯ ಭಾರ ಮೇಲೆ ಹೋಗಿರುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಇದು ಮೈಗೇ ಗೊತ್ತಾಗುತ್ತದೆ. ಹೆಡ್‌ಲೈಟನ್ನೂ ತಗ್ಗಿಸಿಕೊಳ್ಳಿ, ಎದುರು ಬರುವವರ ಕಣ್ಣು ಉಳಿಯಲಿ.

ಕಾನೂನು ಬೇರೆ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಆದ್ದರಿಂದ ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಭಾವ ದೊಡ್ಡ ಟೈರಿನ ರೇಟು ಕೇಳಿ ಬಂದರು. ಮಾರನೇ ದಿನ ಇಬ್ಬರು ಆಳು ಹಿಡಿದು, ದಾರಿಯ ದಿಬ್ಬ ಕಡಿಸಿ, ಜಾಡಿಗೆ ಜಂಬಿಟ್ಟಿಗೆ ಚೂರು ತುಂಬಿಸಿದರು.